ನಾಲ್ಕು ಚಿಕ್ಕ ಬಾಟಲಿಗಳು

ನನ್ನ ಗಂಡ ಬಸ್ ಓಡಿಸುತ್ತಿದ್ದ ಒಂಬತ್ತು ವರ್ಷವೂ ನಮ್ಮ ಮನೆಯಲ್ಲಿ ಬಿಯರ್ ಸುರಿಯುವ ಕೆಲಸ ನನ್ನದಾಗಿತ್ತು. ಇದನ್ನು ಕೇಳಿ ನಗುವವರಿದ್ದರು. ಕೆಂಟನ್ನಿನಲ್ಲಿದ್ದ ನನ್ನ ಚಿಕ್ಕಮ್ಮನ ಮಗಳು ಒಮ್ಮೆ ನಾನು ಗ್ಲಾಸನ್ನು ಓರೆ ಹಿಡಿದು, ನೊರೆ ಏರದ ಹಾಗೆ ಸುರಿಯುವುದನ್ನು ನೋಡಿ, "ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಿಂಗೆ ಇದನ್ನೂ ಕಲಿಸಿದ್ರಾ ಮಾರಾಯ್ತಿ?" ಎಂದಿದ್ದಳು. ನಾವು ಇಂಗ್ಲಿಷರ ದೇಶಕ್ಕೆ ಬಂದು ನೆಲೆಸಿದ, ಕನ್ನಡ ಕಡಲ ತೀರದ ಕ್ರೈಸ್ತರು. ಮನೆಯಲ್ಲಿ ಆಡುವುದು ಕೊಂಕಣಿ, ಓದಿದ್ದು ಬರೆದದ್ದು ಕನ್ನಡದಲ್ಲಿ. ನಾವು ಆಡಿದ ಮಾತುಗಳನ್ನೂ ಇಲ್ಲಿ ಊರಿನ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಸುರಿಯುವ ಕೆಲಸ ನನಗೆ ಬಂದದ್ದು ಹೀಗೆ. ಬಸ್ ಕಂಪನಿಗೆ ಸೇರುವ ಮೊದಲು ಇವರು ಗ್ರೀನ್‌ಫರ್ಡಿನ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದರು. ಅಲ್ಲಿ ಇವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಬಸ್ಸಿನ ಕೆಲಸ ಸಿಕ್ಕಿದ ಮೊದಲ ವಾರ ಮನೆಗೆ ಬಂದು, "ಇವತ್ತು ನಂಗೆ ನಲ್ವತ್ತು ಜನ ಗುಡ್ ಮಾರ್ನಿಂಗ್ ಹೇಳಿದ್ರು, ಗೊತ್ತುಂಟಾ" ಎಂದರು. ಆ ಸಮವಸ್ತ್ರಕ್ಕೆ ನಾನು ಇಸ್ತ್ರಿ ಹಾಕುವುದು ಅವರಿಗೆ ಒಪ್ಪಿಗೆಯಾಗುತ್ತಿರಲಿಲ್ಲ. ತೋಳಿನ ಗೆರೆ ತಾವೇ ತೀಡಿ ನಿಲ್ಲಿಸುತ್ತಿದ್ದರು. ಅದೇ ವಾರ ತರಬೇತಿಯವರು ಒಂದು ವಿಷಯ ಮನದಟ್ಟು ಮಾಡಿದ್ದರಂತೆ: ಬೆಳಿಗ್ಗೆ ಸ್ಟಿಯರಿಂಗ್ ಹಿಡಿಯುವವನ ಉಸಿರಿನಲ್ಲಿ ಹಿಂದಿನ ಸಂಜೆಯದ್ದು ಉಳಿದಿರಬಾರದು. ಪೊಲೀಸರ ಮಿತಿ ಒಂದು, ಕಂಪನಿಯ ಮಿತಿ ಇನ್ನೊಂದು. ಕಂಪನಿಯದ್ದು ಎಷ್ಟೋ ಬಿಗಿ. ಅದನ್ನು ಮೀರಿದರೆ ಎಚ್ಚರಿಕೆ, ದಂಡ ಎಂದೆಲ್ಲ ಇಲ್ಲ. ಕೆಲಸವೇ ಇಲ್ಲ.

"ಇನ್ನು ಮೇಲೆ ಸಂಜೆಗೆ ಎರಡು ಬಾಟ್ಲಿ," ಎಂದರು. "ಎಂಟು ಗಂಟೆಯ ಒಳಗೆ. ಎಣಿಸುವ ಕೆಲ್ಸ ನಿಂದು."

"ನೀವೇ ಎಣಿಸ್ಲಿಕ್ಕೆ ಆಗುದಿಲ್ವಾ?"

"ಅಪ್ಪ ಕೂಡ ತಾನೇ ಎಣಿಸ್ತಿದ್ದದ್ದು."

ಅವರ ಅಪ್ಪ ಕುಡಿದೇ ತೀರಿಹೋದವರು. ಆ ದಿನದಿಂದ ಬಾಟಲಿ ಇರುತ್ತಿದ್ದದ್ದು ನನ್ನ ಅಕ್ಕಿ ಡಬ್ಬದ ಹಿಂದೆ. ಎರಡು ತೆಗೆಯುತ್ತಿದ್ದೆ, ಎರಡು ಸುರಿಯುತ್ತಿದ್ದೆ. ಮೂರನೆಯದನ್ನು ಅವರು ಒಮ್ಮೆಯೂ ಕೇಳಲಿಲ್ಲ. ಕುಡುಕರಲ್ಲ ಅವರು. ಕುಡುಕನ ಮಗನಾಗಿದ್ದುದರಿಂದ ಬೇರೆಯವರಿಗಿಂತ ಹೆಚ್ಚು ಹುಷಾರಾಗಿದ್ದರು, ಆ ಹುಷಾರನ್ನು ನನ್ನ ಕೈಯಲ್ಲಿಟ್ಟಿದ್ದರು.

ಮಾಮೂಲಿ ಬಿಯರ್ ಎಂದರೆ ಏನೆಂದು ನನಗೆ ಗೊತ್ತಾದದ್ದು ಸುರಿದು ಸುರಿದು. ಒಂದು ತೊಟ್ಟೂ ಬಾಯಿಗೆ ಹಾಕಿದವಳಲ್ಲ. ತೆಳು ಚಹಾದ ಬಣ್ಣ. ಗುಳ್ಳೆಗಳು ಗಡಿಬಿಡಿಯಲ್ಲಿ ಮೇಲೇರುತ್ತವೆ, ಬಿಳಿ ನೊರೆ ಕಟ್ಟುತ್ತದೆ, ಗ್ಲಾಸು ಮೇಜಿಗೆ ತಲುಪುವುದರೊಳಗೆ ಅರ್ಧ ಇಳಿದಿರುತ್ತದೆ. ಒದ್ದೆ ಬೈಹುಲ್ಲಿನ ವಾಸನೆ. ಗ್ಲಾಸನ್ನು ತೊಳೆದರೆ ಒಂದೇ ಸಲಕ್ಕೆ ಸ್ವಚ್ಛ. ಅದರಲ್ಲಿ ಹೆದರುವಂಥದ್ದು ಏನೂ ಕಾಣುತ್ತಿರಲಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಇಂಗ್ಲಿಷ್ ಮುದುಕರಿದ್ದರು. ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಯೌವನದಿಂದ ನಿವೃತ್ತಿಯವರೆಗೆ ಬಿಯರ್ ತಯಾರಿಸುವ ಒಂದು ಹಳೆಯ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಪೀಪಾಯಿ ನೋಡಿಕೊಂಡಿದ್ದವರು. ಮೊದಲ ಸಲ ಬೇಲಿಯ ಮೇಲಿಂದ "ಹೇಗಿದ್ದೀಯ, ಲವ್?" ಎಂದು ಕೇಳಿದಾಗ ನಾನು ಕೆಂಪೇರಿ ಒಳಗೆ ಓಡಿದ್ದೆ. ಆಮೇಲೆ ಅವರು ಹಾಲಿನವನನ್ನೂ ಹಾಗೇ ಕರೆಯುವುದನ್ನು ಕೇಳಿ ಸಮಾಧಾನವಾಯಿತು.

ನಮ್ಮಲ್ಲಿ ಕ್ರಿಸ್ಮಸ್‌ಗೆ ಕುಸ್ವಾರ್ ಮಾಡುತ್ತೇವೆ. ಕರ್ಜಿಕಾಯಿಯಂಥ ನೆವ್ರಿ, ಚಿಪ್ಪಿನಾಕಾರದ ಕಲ್ಕಲ್, ಗುಲಾಬಿಯ ಅಚ್ಚಿನಲ್ಲಿ ಕರಿದ ಕೊಕ್ಕಿಸ್, ಕರಿ ಎಳ್ಳಿನ ಉಂಡೆ, ಪ್ಲಮ್ ಕೇಕಿನ ತುಂಡು, ಎಲ್ಲ ಒಂದು ತಟ್ಟೆಯಲ್ಲಿಟ್ಟು ನೆರೆಹೊರೆಗೆ ಕೊಡುವುದು. ಮೊದಲ ವರ್ಷ ಮುದುಕರು ತಟ್ಟೆಯನ್ನು ತೊಳೆದು, ಒರೆಸಿ, ಖಾಲಿ ತಂದುಕೊಟ್ಟರು. ನಾನು ನಗುತ್ತಾ, ನಮ್ಮೂರಿನಲ್ಲಿ ತಟ್ಟೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ, ಏನೂ ಇಲ್ಲವೆಂದರೆ ಒಂದು ಚಿಟಿಕೆ ಸಕ್ಕರೆಯಾದರೂ ಇಡುತ್ತೇವೆ ಎಂದೆ. ಅವರು ಅದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರೆಂದರೆ, ಮುಂದಿನ ವರ್ಷ ತಟ್ಟೆಯಲ್ಲಿ ಆರು ಬಟಾಟೆ ಬಂತು, ತೋಟದ್ದೇ. ಅದರ ಮುಂದಿನ ವರ್ಷ ತಾನೇ ಕುದಿಸಿದ ಪ್ಲಮ್ ಜಾಮು.

ತೊಂಬತ್ತರ ದಶಕ ಮುಗಿಯುತ್ತಾ ಬಂದ ಒಂದು ಡಿಸೆಂಬರಿನಲ್ಲಿ ತಟ್ಟೆಯ ಮೇಲೆ ನಾಲ್ಕು ಚಿಕ್ಕ ಬಾಟಲಿಗಳು ಬಂದವು.

ನನಗೆ ಅವು ನೋಡಲಿಕ್ಕೇ ಚೆಂದ ಕಂಡವು. ಕೆಮ್ಮಿನ ಔಷಧದ ಬಾಟಲಿಗಿಂತ ಸ್ವಲ್ಪ ದೊಡ್ಡದು, ಗುಂಡು ಹೊಟ್ಟೆ, ಉದ್ದ ಕುತ್ತಿಗೆ. ನನ್ನ ಗಂಡನ ಬಾಟಲಿಯ ಪಕ್ಕ ಇಟ್ಟರೆ ಸರಿಯಾಗಿ ಅರ್ಧ. ಮೈಮೇಲೆ ಚಿನ್ನದಂಚಿನ ಲೇಬಲ್, ಕ್ರಿಸ್ಮಸ್ ಅಲಂಕಾರಕ್ಕೆ ಇಡುವ ಮುಳ್ಳಂಚಿನ ಹಾಲಿ ಎಲೆ, ಕೆಂಪು ಹಣ್ಣು.

"ಕ್ರಿಸ್ಮಸ್ ಬಿಯರ್," ಎಂದರು ಮುದುಕರು. "ಕಾರ್ಖಾನೆಯವರು ಹಳಬರಿಗೆಲ್ಲ ವರ್ಷಕ್ಕೊಮ್ಮೆ ಕಳಿಸುತ್ತಾರೆ. ಈ ಸಲ ನನ್ನ ಪಾಲು ನಿಮಗೆ. ಡಾಕ್ಟರು ನನಗೆ ಬೇಡ ಅಂದಿದ್ದಾರೆ."

"ಬಿಯರಿಗೂ ಕ್ರಿಸ್ಮಸ್ ಬೇರೆ ಇದೆಯಾ?"

"ಇದೆ, ಲವ್. ಇದು ಬೇರೆಯೇ ಜಾತಿ. ಇದರಲ್ಲಿ ಲವಂಗ ಇದೆ, ದಾಲ್ಚಿನ್ನಿ ಇದೆ, ಕಿತ್ತಳೆ ಸಿಪ್ಪೆ ಇದೆ. ಬೆಂಕಿಯ ಮುಂದೆ ಕೂತು ಗುಟುಕು ಗುಟುಕಾಗಿ ಕುಡಿಯಬೇಕು. ಒಬ್ಬರಿಗೆ ಒಂದು ಸಾಕು."

ನಾನು ಕೇಳಿಸಿಕೊಂಡದ್ದು ಲವಂಗ, ದಾಲ್ಚಿನ್ನಿ, ಕಿತ್ತಳೆ ಸಿಪ್ಪೆ. ನನ್ನ ಅಡುಗೆಮನೆಯ ಕಪಾಟಿನಲ್ಲಿ ಅಕ್ಟೋಬರಿನಿಂದ ಅದೇ ಮೂರು, ಒಣದ್ರಾಕ್ಷಿಯ ಜೊತೆ ಕೇಕಿಗಾಗಿ ನೆನೆಯುತ್ತಿದ್ದವು. "ಒಬ್ಬರಿಗೆ ಒಂದು ಸಾಕು" ಎಂಬುದನ್ನೂ ಕೇಳಿಸಿಕೊಂಡೆ. ಆದರೆ ನಾನು ಬೆಳೆದ ಕಡೆ ಉಡುಗೊರೆ ಕೊಡುವವರು ಹಾಗೇ ಹೇಳುವುದು. ಕೊಟ್ಟದ್ದು ಕಡಿಮೆಯಾಯಿತೇನೋ ಎಂಬ ಸಂಕೋಚಕ್ಕೆ ಹಾಗೆ ಹೇಳುತ್ತಾರೆ, ಪಡೆದವರು ಅದನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಮರ್ಯಾದೆ. ಮುದುಕರಿಗೆ ಸಂಕೋಚವಾಗಿದೆ ಎಂದುಕೊಂಡೆ. ಅಯ್ಯೋ ಪಾಪ ಎಂದುಕೊಂಡೆ.

ಇನ್ನೊಂದನ್ನೂ ಹೇಳಬೇಕು. ನಮ್ಮ ಮನೆಗಳಲ್ಲಿ ಕ್ರಿಸ್ಮಸ್‌ಗೆ ಕಪ್ಪು ದ್ರಾಕ್ಷಿಯ ವೈನು ಭರಣಿಯಲ್ಲಿ ಹಾಕುತ್ತಾರೆ. ನನ್ನಮ್ಮ ಅದಕ್ಕೆ ಲವಂಗ, ಚಕ್ಕೆ, ಒಂದು ಹಿಡಿ ಗೋಧಿ ಹಾಕುತ್ತಿದ್ದರು. ನಮಗೆ ಮಕ್ಕಳಿಗೂ ಸಣ್ಣ ಲೋಟದಲ್ಲಿ ಸಿಗುತ್ತಿತ್ತು. ಸಿಹಿ, ಸ್ವಲ್ಪ ಗಂಟಲಿಗೆ ಬೆಚ್ಚಗೆ, ಅಷ್ಟೇ. ಕಪ್ಪು ಬಣ್ಣ, ಮಸಾಲೆಯ ಪರಿಮಳ, ಹಬ್ಬದ ಪಾನೀಯ ಎಂದರೆ ನನ್ನ ತಲೆಯಲ್ಲಿ ಅದು ಅಮ್ಮನ ಭರಣಿಯ ಪಕ್ಕ ಹೋಗಿ ಕೂತಿತು. ವಿಸ್ಕಿ, ಬ್ರಾಂದಿಯ ಬಾಟಲಿ ಬಂದಿದ್ದರೆ ನಾನು ಅದನ್ನು ಬಾಗಿಲಲ್ಲೇ ತಡೆಯುತ್ತಿದ್ದೆ.

ಕ್ರಿಸ್ಮಸ್ ದಿನ ಇಲ್ಫರ್ಡಿನಿಂದ ನನ್ನ ಮೈದುನನ ಸಂಸಾರ ಬಂದಿತ್ತು. ಅವರೆದುರು ಚಿಕ್ಕ ಬಾಟಲಿಗಳನ್ನು ತೆಗೆಯಲಿಲ್ಲ, ನಾಲ್ಕೇ ಇದ್ದವಲ್ಲ. ಮರುದಿನ ಸಂಜೆ ನಾವಿಬ್ಬರೇ ಇದ್ದೆವು. ಮಗಳು ಮೇಲಿನ ಕೋಣೆಯಲ್ಲಿ ಹೊಸ ಪುಸ್ತಕ ಹಿಡಿದು ಮಲಗಿದ್ದಳು. ಹೊರಗೆ ನಾಲ್ಕು ಗಂಟೆಗೇ ಕತ್ತಲೆಯಾಗಿತ್ತು. ಇವರಿಗೆ ಮಾರನೆಯ ದಿನ ಬೆಳಿಗ್ಗೆ ಐದಕ್ಕೆ ಮೊದಲ ಬಸ್ಸು. ಏಳು ಗಂಟೆಗೆ ನಾನು ಕೋಣೆ ಬೆಚ್ಚಗಿಡುವ ಗ್ಯಾಸ್ ಒಲೆಯನ್ನು ಹಚ್ಚಿ, ತಟ್ಟೆಯಲ್ಲಿ ಉಳಿದ ನೆವ್ರಿ ಇಟ್ಟು, ಮೊದಲ ಬಾಟಲಿ ತೆರೆದೆ.

ಸುರಿಯುವಾಗಲೇ ಕೈಗೆ ವ್ಯತ್ಯಾಸ ತಿಳಿಯಿತು. ಅದು ನೀರಿನ ಹಾಗೆ ಬೀಳಲಿಲ್ಲ, ತೆಳು ಬೆಲ್ಲದ ಪಾಕದ ಹಾಗೆ ಇಳಿಯಿತು. ಗುಳ್ಳೆಗಳು ಒಂದೊಂದಾಗಿ, ಅವಸರವಿಲ್ಲದೆ ಎದ್ದವು. ನೊರೆ ಬಿಳಿಯಲ್ಲ, ಹಾಲು ಹಾಕಿದ ಕಾಫಿಯ ಬಣ್ಣ. ದೀಪಕ್ಕೆ ಹಿಡಿದರೆ ಅಂಚಿನಲ್ಲಿ ಮಾತ್ರ ಕೆಂಪು, ನಡುವೆ ಕಪ್ಪು. ಇಷ್ಟೆಲ್ಲ ನೋಡಿದೆ. ಲೇಬಲ್ಲಿನ ಹಾಲಿ ಎಲೆಯಲ್ಲಿ ಎಷ್ಟು ಮುಳ್ಳಿದೆ ಎಂದೂ ನೋಡಿದ್ದೆ.

"ಎಂತದು ಇದು, ಕಷಾಯವಾ?" ಎಂದರು ಇವರು.

"ಕ್ರಿಸ್ಮಸ್ ಬಿಯರ್. ಪಕ್ಕದ ಅಜ್ಜ ಕೊಟ್ಟದ್ದು."

ಅವರು ಒಂದು ಗುಟುಕು ಕುಡಿದರು. ಮತ್ತೆ ಮೂಗಿನ ಹತ್ತಿರ ಹಿಡಿದರು. "ನಿನ್ನ ಕೇಕಿನ ಭರಣಿಯ ಪರಿಮಳ ಬರ್ತದೆ. ಕಹಿಯೇ ಇಲ್ಲ ನೋಡು."

ಎರಡನೆಯದು ಮುಗಿದಾಗ ಗ್ಲಾಸನ್ನು ಮೇಜಿನ ಮೇಲಿಟ್ಟು ಕೈ ತೆಗೆದರು. ಎರಡು ಎಂದರೆ ಅವರಿಗೆ ಎರಡೇ.

"ಇನ್ನೂ ಎರಡುಂಟು," ಎಂದೆ.

"ಎರಡು ಆಯ್ತಲ್ವಾ?"

"ಅದು ಚಿಕ್ಕದಲ್ವಾ? ನಿಮ್ಮ ಒಂದು ಬಾಟ್ಲಿಗೆ ಇದು ಎರಡು ಬೇಕು. ನಾಲ್ಕು ಕುಡಿದ್ರೆ ನಿಮ್ಮ ಎರಡಕ್ಕೆ ಸಮ."

ಅವರು ಖಾಲಿ ಬಾಟಲಿಯನ್ನು ಕೈಗೆತ್ತಿ ನೋಡಿದರು. ಓದಲಿಲ್ಲ, ಗಾತ್ರ ನೋಡಿದರು. "ಹೌದಾ? ನೀನು ಹೇಳಿದ್ರೆ ಸರಿ."

ಮೂರನೆಯದನ್ನು ಸುರಿದೆ. ನಾಲ್ಕನೆಯದನ್ನೂ ಸುರಿದೆ. ಒಂಬತ್ತಕ್ಕೆ ಮುಗಿಯಿತು, ಎಂಟರ ನಿಯಮವನ್ನು ಹಬ್ಬವೆಂದು ಒಂದು ಗಂಟೆ ಸಡಿಲಿಸಿದ್ದೂ ನಾನೇ. ಅವರ ಕಿವಿಯ ತುದಿ ಕೆಂಪಾಗಿತ್ತು. ಗ್ಯಾಸ್ ಬೆಂಕಿಯ ಕಾವಿಗೆ ಎಂದುಕೊಂಡೆ. ಎಂದೂ ಹಾಡದವರು ಊರಿನ ಮದುವೆ ಮನೆಯ ಒಂದು ಸೊಲ್ಲನ್ನು ಗುನುಗುತ್ತಾ ಹಾಸಿಗೆಗೆ ಹೋದರು. ಇಷ್ಟು ಹಗುರಾಗಿ ಇವರನ್ನು ನೋಡಿ ಎಷ್ಟು ಕಾಲವಾಯಿತು ಎಂದು ನಾನು ಮನಸ್ಸಿನಲ್ಲೇ ಮುದುಕರಿಗೆ ಒಳ್ಳೆಯದು ಬಯಸಿದೆ. ಬಾಟಲಿಗಳನ್ನು ಎಸೆಯಲು ಮನಸ್ಸಾಗಲಿಲ್ಲ. ವಿನೆಗರ್ ತುಂಬಿಸಿಡಲಿಕ್ಕೆ ಆಗುತ್ತದೆಂದು ಬಿಸಿನೀರಿನಲ್ಲಿ ನೆನೆಹಾಕಿದೆ. ಲೇಬಲ್‌ಗಳು ಸಲೀಸಾಗಿ ಬಿಟ್ಟುಬಂದವು. ಉಂಡೆ ಮಾಡಿ ಕಸದ ಡಬ್ಬಿಗೆ ಹಾಕಿದೆ.

ಬೆಳಿಗ್ಗೆ ಇವರು ಹೋದದ್ದು ನನಗೆ ತಿಳಿಯಲಿಲ್ಲ. ಏಳು ಗಂಟೆಗೆ ನಾನು ಮಗಳಿಗೆ ದೋಸೆ ಹೊಯ್ಯುತ್ತಿದ್ದಾಗ ಬೀಗದ ಸದ್ದಾಯಿತು. ಇವರು ಒಳಗೆ ಬಂದು, ಕೋಟು ತೆಗೆಯದೆ, ಮೆಟ್ಟಿಲ ಮೇಲೆ ಕೂತರು. ಡಿಪೋದಿಂದ ಮನೆಗೆ ಮೂರು ಮೈಲಿ. ನಡೆದೇ ಬಂದಿದ್ದರು. ಬೂಟಿನ ಅಂಚಿನಲ್ಲಿ ಹಿಮ ಕರಗುತ್ತಿತ್ತು.

"ಹುಷಾರಿಲ್ವಾ?"

"ಹಬ್ಬದ ರಜೆ ಮುಗಿದದ್ದು ಅಂತ ಎಲ್ರದ್ದೂ ನೋಡಿದ್ರು," ಎಂದರು. "ಊದಿಸಿದ್ರು."

ಆಮೇಲೆ ನನ್ನ ಮುಖ ನೋಡಿ ಕೇಳಿದರು: "ಎರಡೇ ಅಲ್ವಾ ನೀನು ಕೊಟ್ಟದ್ದು? ಎರಡಕ್ಕೆ ಸಮ ಅಂದಿದ್ದಿ ಅಲ್ವಾ?"

ಕಾವಲಿಯ ಮೇಲೆ ದೋಸೆ ಸೀಯುತ್ತಿತ್ತು. ನಾನು ಹೌದು ಎಂದೆ.

ಪೊಲೀಸರ ಮಿತಿಯೊಳಗೇ ಇತ್ತಂತೆ. ಕಂಪನಿಯ ಮಿತಿ ಮೀರಿತ್ತು. ಬಸ್ಸು ಗೇಟಿನಿಂದ ಹೊರಗೆ ಹೋಗಿರಲಿಲ್ಲ, ಯಾರಿಗೂ ಒಂದು ಗೀರು ಆಗಿರಲಿಲ್ಲ. ಆದರೆ ಇದಕ್ಕಿಂತ ಕೆಟ್ಟದ್ದು ಬೇರೆ ನಡೆದಿತ್ತು. ಮೇಲ್ವಿಚಾರಕರು ಎಷ್ಟು ಕುಡಿದಿದ್ದೆ ಎಂದು ಕೇಳಿದಾಗ ಇವರು ಎದೆ ಸೆಟೆಸಿ, "ಎರಡು ಬಿಯರ್, ದಿನಾ ಕುಡಿಯುವಷ್ಟೇ" ಎಂದಿದ್ದರು. ಯಂತ್ರ ಇನ್ನೊಂದು ಹೇಳುತ್ತಿತ್ತು. ಕಾಗದದಲ್ಲಿ ಕುಡಿದದ್ದರ ಕೆಳಗೆ ಸುಳ್ಳು ಹೇಳಿದ್ದನ್ನೂ ಬರೆದುಕೊಂಡರು. ಹೊಸ ವರ್ಷ ಕಳೆದು ಎಂಟನೆಯ ದಿನ ವಿಚಾರಣೆ. ಅಲ್ಲಿಯವರೆಗೆ ಮನೆಯಲ್ಲಿ.

ಮಧ್ಯಾಹ್ನ ನಾನು ಪಕ್ಕದ ಮನೆಯ ಬಾಗಿಲು ತಟ್ಟಿದೆ. ಏನಾಯಿತೆಂದು ಹೇಳಲಿಲ್ಲ. ಆ ಬಿಯರ್ ಹೇಗೆ ಮಾಡುತ್ತಾರೆ ಎಂದು ಮಾತ್ರ ಕೇಳಿದೆ. ಮುದುಕರ ಮುಖ ಅರಳಿತು. ಅವರ ನಲವತ್ತು ವರ್ಷದ ಕೆಲಸದ ಬಗ್ಗೆ ಅದುವರೆಗೆ ಯಾರೂ ಅವರನ್ನು ಕೇಳಿರಲಿಲ್ಲವೋ ಏನೋ. ನನ್ನನ್ನು ಕೂರಿಸಿ, ಹಾಲು ಜಾಸ್ತಿಯಾದ ಚಹಾ ಕೊಟ್ಟು, ಮೊದಲಿನಿಂದ ಶುರುಮಾಡಿದರು.

ಮಾಮೂಲಿ ಬಿಯರ್ ಬೇಗ ಆಗುವಂಥದ್ದು, ಬೇಗ ಮುಗಿಯುವಂಥದ್ದು, ಎಂದರು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಆ ಸಿಹಿನೀರನ್ನು ಕಹಿ ಹೂವಿನ ಜೊತೆ ಕುದಿಸಿ, ಯೀಸ್ಟ್ ಹಾಕಿದರೆ ಕೆಲವೇ ವಾರಗಳಲ್ಲಿ ಪಬ್ಬಿಗೆ ಹೋಗುತ್ತದೆ. ದುಡಿದು ಬಂದವನ ಬಾಯಾರಿಕೆಗೆ ಅದು. ಅವನು ನಾಲ್ಕು ಕುಡಿದರೂ ಮನೆಗೆ ನಡೆದು ಹೋಗಬೇಕು. ಕ್ರಿಸ್ಮಸ್‌ನದ್ದು ಬಾಯಾರಿಕೆಗಲ್ಲ, ಚಳಿಗೆ. ಅಷ್ಟೇ ನೀರಿಗೆ ಎರಡರಷ್ಟು ಧಾನ್ಯ. ಅದರಲ್ಲಿ ಒಂದು ಪಾಲನ್ನು ಕಪ್ಪಾಗುವವರೆಗೆ ಹುರಿಯುತ್ತಾರೆ, ಬಣ್ಣ ಬರುವುದು ಅದರಿಂದ. ಬೇಸಿಗೆಯಲ್ಲೇ ಕುದಿಸಿ, ಪೀಪಾಯಿಯಲ್ಲಿ ತುಂಬಿ, ಚಳಿಗಾಲದವರೆಗೆ ಕತ್ತಲೆಯಲ್ಲಿ ಬಿಡುತ್ತಾರೆ. ಸಿಹಿಯೆಲ್ಲ ನಿಧಾನವಾಗಿ ಮದ್ಯವಾಗುತ್ತಾ ಹೋಗುತ್ತದೆ, ಆದರೂ ಸ್ವಲ್ಪ ಉಳಿದುಬಿಡುತ್ತದೆ, ಅದಕ್ಕೇ ನಾಲಗೆಗೆ ಮೆತ್ತಗೆ.

"ಲವಂಗ ಹಾಕುವುದು ಆಮೇಲೆ," ಎಂದರು. "ಕೆಲವು ಕಡೆ ಹಾಕುವುದೇ ಇಲ್ಲ, ಹಳೆಯದಾದ ಹಾಗೆ ತಾನೇ ಹಣ್ಣಿನ, ಮಸಾಲೆಯ ವಾಸನೆ ಬರುತ್ತದೆ. ನಮ್ಮಲ್ಲಿ ಹಾಕುತ್ತಿದ್ದೆವು. ಅದರಲ್ಲೊಂದು ತಂಟೆ ಇದೆ, ಲವ್. ಮಸಾಲೆಯೂ ಸಿಹಿಯೂ ಸೇರಿ ಉರಿಯನ್ನು ಮುಚ್ಚಿಬಿಡುತ್ತವೆ. ಎಷ್ಟು ಖಡಕ್ ಅಂತ ಬಾಯಿಗೆ ಗೊತ್ತಾಗುವುದಿಲ್ಲ, ಮೊಣಕಾಲಿಗೆ ಗೊತ್ತಾಗುತ್ತದೆ. ಅದಕ್ಕೇ ನಾವು ಅದನ್ನು ಚಿಕ್ಕ ಬಾಟಲಿಗೆ ತುಂಬುತ್ತಿದ್ದದ್ದು."

ಅದಕ್ಕೇ ಚಿಕ್ಕ ಬಾಟಲಿ. ನಾನು ಕಪ್ಪನ್ನು ಕೆಳಗಿಟ್ಟೆ.

ಹಳೆಯ ವರ್ಷದ್ದೊಂದು ಖಾಲಿ ಬಾಟಲಿ ಅವರ ಕಿಟಕಿಯಲ್ಲಿತ್ತು, ಒಣ ಲ್ಯಾವೆಂಡರ್ ಕಡ್ಡಿ ಇಟ್ಟಿದ್ದರು. ಅದನ್ನು ತಂದು ಲೇಬಲ್ಲಿನ ಮೂಲೆಗೆ ಬೆರಳಿಟ್ಟು ತೋರಿಸಿದರು. ಸಾಸಿವೆ ಕಾಳಿನಷ್ಟು ಚಿಕ್ಕ ಅಕ್ಷರದಲ್ಲಿ, ಮದ್ಯ ನೂರಕ್ಕೆ ಒಂಬತ್ತೂವರೆ ಎಂದಿತ್ತು. "ನಿನ್ನ ಗಂಡ ಕುಡಿಯುವುದರಲ್ಲಿ ಎಷ್ಟಿರುತ್ತದೆ, ನಾಲ್ಕು?" ಎಂದರು. "ಹೇಗಿತ್ತಂತೆ ಅವನಿಗೆ? ಒಂದರಲ್ಲೇ ಮಲಗಿಬಿಟ್ಟನಾ?"

"ತುಂಬಾ ಇಷ್ಟಪಟ್ಟರು," ಎಂದೆ.

ಮನೆಗೆ ಬಂದು ಅಕ್ಕಿ ಡಬ್ಬದ ಹಿಂದಿನಿಂದ ಇವರ ಮಾಮೂಲಿ ಬಾಟಲಿ ತೆಗೆದು ನೋಡಿದೆ. ನಾಲ್ಕು ಎಂದಿತ್ತು. ಒಂಬತ್ತು ವರ್ಷ ನನ್ನ ಕೈಯಲ್ಲಿ ಹಾದುಹೋದ ಬಾಟಲಿ. ನಾನು ಉಪ್ಪಿನ ಪೊಟ್ಟಣದ ಮೇಲಿನ ವಿಳಾಸವನ್ನೂ ಬಿಡದೆ ಓದುವವಳು. ಈ ಅಂಕಿಯ ಮೇಲೆ ನನ್ನ ಕಣ್ಣು ಯಾಕೆ ನಿಂತಿರಲಿಲ್ಲ? ನಾನು ಎಣಿಸುತ್ತಿದ್ದದ್ದು ಬಾಟಲಿಯನ್ನು.

ಸಂಜೆ ಇವರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಬೇಕೆಂದು ಆಸೆಪಟ್ಟಿದ್ದೆ. ಇವರು ಕೇಳಿ, ತಲೆಯಾಡಿಸಿ, "ಹಾಗಾದ್ರೆ ಆ ಯಂತ್ರ ಹೇಳಿದ್ದು ಸರಿ" ಎಂದರು.

"ನಾನು ಬಂದು ಹೇಳ್ತೇನೆ. ಸುರಿದದ್ದು ನಾನು ಅಂತ."

"ಬೇಡ."

"ಪಕ್ಕದ ಅಜ್ಜನನ್ನು ಕರೀಲಾ? ಅವ್ರು ಕೆಲ್ಸ ಮಾಡಿದವ್ರು, ಅವ್ರು ಹೇಳಿದ್ರೆ ನಂಬ್ತಾರೆ."

"ಕರ್ದು ಎಂತ ಹೇಳುದು?" ಎಂದರು ಇವರು, ಮೊದಲ ಸಲ ದನಿ ಏರಿಸಿ. "ನೀವು ಪ್ರೀತಿಯಿಂದ ಕೊಟ್ಟದ್ರಿಂದ ನನ್ನ ಕೆಲ್ಸ ಹೋಗ್ತಾ ಉಂಟು ಅಂತ ಹೇಳುದಾ? ಅವ್ರಿಗೆ ಎಂಬತ್ತು ವರ್ಷ. ಆಮೇಲೆ ಅವ್ರು ನಿದ್ದೆ ಮಾಡಿಯಾರಾ?"

ಯೂನಿಯನ್ನಿನ ಪಂಜಾಬಿ ಗೆಳೆಯರೊಬ್ಬರು ಮನೆಗೆ ಬಂದು, ಬಾಟಲಿ ಇದ್ದರೆ ಕೊಡಿ, ಲೇಬಲ್ ತೋರಿಸಿ ಮಾತಾಡಿ ನೋಡುತ್ತೇನೆ ಎಂದರು. ಕುಡಿದದ್ದು ತಪ್ಪೇ, ಆದರೆ ಸುಳ್ಳು ಹೇಳಲಿಲ್ಲ ಎಂದಾದರೂ ತೋರಿಸಬಹುದು ಎಂದರು. ನಾನು ನಾಲ್ಕು ಬಾಟಲಿಗಳನ್ನು ತಂದಿಟ್ಟೆ. ಒಂದರಲ್ಲೂ ಒಂದು ಚೂರು ಕಾಗದವಿರಲಿಲ್ಲ, ಅಂಟಿನ ಗುರುತೂ ಇರಲಿಲ್ಲ. ಅಷ್ಟು ಚೆನ್ನಾಗಿ ತಿಕ್ಕಿದ್ದೆ. ಕಸದ ಲಾರಿ ಬಂದುಹೋಗಿತ್ತು. ಅವರು ಬಾಟಲಿಯೊಂದನ್ನು ಎತ್ತಿ ಬೆಳಕಿಗೆ ಹಿಡಿದು, "ಭಾಬೀಜಿ, ಬಹಳ ಸ್ವಚ್ಛ" ಎಂದರು. ತಮಾಷೆಗೆ ಹೇಳಿದ್ದೋ, ಮರುಕಕ್ಕೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮುದುಕರ ಕಿಟಕಿಯಲ್ಲಿ ಲೇಬಲ್ ಇದ್ದ ಬಾಟಲಿಯೊಂದಿದೆ ಎಂದು ಹೇಳಲು ನಾನು ಬಾಯಿ ತೆರೆದೆ. ಇವರು ನನ್ನನ್ನು ನೋಡಿದರು. ಮುಚ್ಚಿಕೊಂಡೆ.

ವಿಚಾರಣೆ ಕಾಲು ಗಂಟೆಯಲ್ಲಿ ಮುಗಿಯಿತಂತೆ. ನಾನು ಹೊರಗೆ ಬಸ್ ನಿಲ್ದಾಣದಲ್ಲಿ ಕಾದು ಕೂತಿದ್ದೆ. ಇವರು ಸಮವಸ್ತ್ರದಲ್ಲಿ ಹೋದವರು ಸ್ವೆಟರಿನಲ್ಲಿ ಬಂದರು. ಒಳಗೆ ಅದನ್ನು ಮಡಚಿ ಕೊಟ್ಟು ಬರಬೇಕಾಗಿತ್ತು. ಅದು ಗೊತ್ತಿದ್ದೇ ಬೆಳಿಗ್ಗೆ ಚೀಲದಲ್ಲಿ ಸ್ವೆಟರ್ ಹಾಕಿಕೊಂಡಿದ್ದರು. ಬಂದ ಬಸ್ಸಿನ ಚಾಲಕ ಇವರ ಪರಿಚಯದವನು. ಟಿಕೇಟು ಬೇಡ ಎಂದು ಕೈಯಾಡಿಸಿದ. ಇವರು ಇಬ್ಬರದ್ದೂ ತೆಗೆದುಕೊಂಡರು.

ಸುದ್ದಿ ನಮಗಿಂತ ಮೊದಲು ಕೆಂಟನ್ ಮುಟ್ಟಿತು. ತಿಂಗಳಿಗೊಮ್ಮೆ ಊರಿನವರೆಲ್ಲ ಸೇರಿ ಮಾಡುವ ಜಪಮಾಲೆಯ ಪ್ರಾರ್ಥನೆಗೆ ಹೋದಾಗ ಹೆಂಗಸರು ನನಗೆ ಕುರ್ಚಿ ಬಿಟ್ಟುಕೊಟ್ಟರು. ಕಾಯಿಲೆಯವರಿಗೆ ಬಿಟ್ಟುಕೊಡುವ ಹಾಗೆ. "ಅಪ್ಪನದ್ದೇ ರಕ್ತ ಅಲ್ವಾ, ಎಲ್ಲಿ ಹೋಗ್ತದೆ?" ಎಂದು ಅಡುಗೆಮನೆಯಲ್ಲಿ ಒಬ್ಬರು ಹೇಳುತ್ತಿದ್ದರು. ನಾನು ಬಾಗಿಲಲ್ಲಿ ಖಾಲಿ ಕಪ್ಪುಗಳನ್ನು ಹಿಡಿದು ನಿಂತಿದ್ದೆ. ಒಳಗೆ ಹೋಗಿ, ಸುರಿದದ್ದು ನಾನು ಎನ್ನಬಹುದಿತ್ತು. ಕಪ್ಪುಗಳನ್ನು ಅಲ್ಲೇ ಕಪಾಟಿನ ಮೇಲಿಟ್ಟು ಹಿಂದೆ ಬಂದೆ. ಶಾಲೆಯಿಂದ ಬಂದ ಮಗಳು ಒಂದು ದಿನ, "ವಾಸ್ ಡ್ಯಾಡ್ ಡ್ರಂಕ್?" ಎಂದು ಕೇಳಿದಳು. ಇಲ್ಲ ಎಂದೆ. "ದೆನ್ ವೈ?" ಎಂದಳು. ನಾನು ಹೇಳಿದೆ, ಅವಳಿಗೆ ಮಾತ್ರ ಎಲ್ಲವನ್ನೂ. ಅವಳು, "ಬಟ್ ಮಮ್ಮಿ, ಇಟ್ಸ್ ರಿಟನ್ ಆನ್ ದ ಬಾಟಲ್" ಎಂದಳು. ಹನ್ನೆರಡು ವರ್ಷದವಳು.

ಇವರು ಮತ್ತೆ ಗೋದಾಮಿಗೆ ಹೋದರು. ಮೊದಲು ಹೊರುತ್ತಿದ್ದ ಪೆಟ್ಟಿಗೆಗಳೇ, ಹೊರುವವರಿಗೆ ಮಾತ್ರ ಒಂಬತ್ತು ವರ್ಷ ಹೆಚ್ಚಾಗಿತ್ತು. ಬಿಯರ್ ಪೂರ್ತಿ ಬಿಟ್ಟರು. ಬಿಟ್ಟದ್ದು ಒಳ್ಳೆಯದಲ್ಲವೇ ಎಂದು ಹೇಳುವವರಿದ್ದಾರೆ. ಆದರೆ ಇವರು ಎಲ್ಲವನ್ನೂ ಓದತೊಡಗಿದರು. ಕೆಮ್ಮಿನ ಔಷಧ, ಬಾಯಿ ಮುಕ್ಕಳಿಸುವ ನೀರು, ವಿನೆಗರ್, ಏನೇ ಕೊಟ್ಟರೂ ಕಿಟಕಿಯ ಬಳಿ ಹೋಗಿ, ಕನ್ನಡಕ ಹಣೆಗೇರಿಸಿ, ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಮುಂದಿನ ಕ್ರಿಸ್ಮಸ್‌ಗೆ ನಾನು ಕೇಕಿನ ತುಂಡು ಕೊಟ್ಟಾಗ, "ಇದಕ್ಕೆ ರಮ್ ಎಷ್ಟು ಹಾಕಿದ್ದಿ?" ಎಂದು ಕೇಳಿದರು. ಸಿಟ್ಟಿರಲಿಲ್ಲ ದನಿಯಲ್ಲಿ. ಅಂಗಡಿಯವನನ್ನು ಕೇಳುವ ಹಾಗಿತ್ತು. ನಾನು ಹೇಳಿದೆ. ಅವರು ತುಂಡನ್ನು ತಟ್ಟೆಯಲ್ಲಿ ಹಿಂದಿಟ್ಟು, ನೆವ್ರಿ ತೆಗೆದುಕೊಂಡರು. ನನ್ನ ಕೈಯಿಂದ ಯಾವುದನ್ನೂ ಕಣ್ಣುಮುಚ್ಚಿ ತೆಗೆದುಕೊಳ್ಳುವುದು ಅಲ್ಲಿಗೆ ಮುಗಿದಿತ್ತು.

ಮುದುಕರಿಗೆ ನಾವು ಏನೂ ತಿಳಿಸಲಿಲ್ಲ. ಇವರಿಗೆ ಬೆನ್ನುನೋವು, ಸ್ಟಿಯರಿಂಗ್ ಹಿಡಿಯಲಾಗುವುದಿಲ್ಲ ಎಂದೆ. ಬೆನ್ನುನೋವಿದ್ದವರು ಪೆಟ್ಟಿಗೆ ಹೇಗೆ ಹೊರುತ್ತಾರೆ ಎಂದು ಅವರು ಕೇಳಲಿಲ್ಲ. ಇನ್ನೂ ಮೂರು ವರ್ಷ ಬದುಕಿದ್ದರು, ಮೂರು ವರ್ಷವೂ ನಾಲ್ಕು ನಾಲ್ಕು ಬಾಟಲಿ ಕೊಟ್ಟರು. ನಾನು ನಗುತ್ತಾ ಇಸಿದುಕೊಂಡು, ಇವರು ಕೆಲಸಕ್ಕೆ ಹೋದ ಮೇಲೆ ಸಿಂಕಿನಲ್ಲಿ ಸುರಿದು, ನಲ್ಲಿ ತಿರುಗಿಸಿ ಬಿಡುತ್ತಿದ್ದೆ. ಅಡುಗೆಮನೆಯಿಂದ ಆ ಪರಿಮಳ ಹೋಗಲು ಅರ್ಧ ದಿನ ಬೇಕಾಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳ ಮೇಲೆ ಬೇರೊಂದು ಬಸ್ ಕಂಪನಿ ಚಾಲಕರು ಬೇಕೆಂದು ಪತ್ರಿಕೆಯಲ್ಲಿ ಕೇಳಿತು. ಜಾಹೀರಾತನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದು ಇವರೇ. ಎರಡು ವಾರ ಅದು ಅಲ್ಲೇ ಇತ್ತು. ಒಂದು ಭಾನುವಾರ ಪೂಜೆ ಮುಗಿಸಿ ಬಂದವರು ಅರ್ಜಿಯನ್ನು ಮೇಜಿನ ಮೇಲಿಟ್ಟು ನನ್ನನ್ನು ಕರೆದರು. ಮನೆಯ ಅರ್ಜಿಗಳನ್ನೆಲ್ಲ ಬರೆಯುವವಳು ನಾನೇ, ನನ್ನ ಅಕ್ಷರ ಅಚ್ಚುಕಟ್ಟು.

ಹೆಸರು, ವಿಳಾಸ, ಲೈಸೆನ್ಸು, ಎಲ್ಲ ತುಂಬಿಸಿದೆ. ಮೂರನೆಯ ಪುಟದಲ್ಲಿ, ಹಿಂದಿನ ಕೆಲಸದಿಂದ ತೆಗೆದುಹಾಕಲ್ಪಟ್ಟಿದ್ದರೆ ಕಾರಣ ಬರೆಯಿರಿ ಎಂದಿತ್ತು. ನಾಲ್ಕು ಗೆರೆ ಜಾಗ. ನಾನು ಪೆನ್ನು ಹಿಡಿದು ಕೂತೆ. ಆ ನಾಲ್ಕು ಗೆರೆಯಲ್ಲಿ ಏನು ಬರೆಯಬೇಕೆಂದು ನಾನು ಅಷ್ಟು ವರ್ಷ ಮನಸ್ಸಿನಲ್ಲಿ ಬರೆದು ಬರೆದು ಇಟ್ಟಿದ್ದೆ. ಬಾಯಿಪಾಠವಾಗಿತ್ತು.

"ನಾನು ಸುರಿದದ್ದು ಅಂತ ಬರೀತೇನೆ," ಎಂದೆ. "ಬಾಟ್ಲಿ ಚಿಕ್ಕದಿತ್ತು, ಖಡಕ್ ಅಂತ ನಂಗೆ ಗೊತ್ತಿರ್ಲಿಲ್ಲ, ನೀವು ನನ್ನ ಮಾತು ನಂಬಿ ಕುಡಿದದ್ದು ಅಂತ. ಸತ್ಯ ಅಲ್ವಾ ಅದು?"

ಇವರು ಕಿಟಕಿಯ ಕಡೆ ನೋಡುತ್ತಿದ್ದರು. "ಸತ್ಯವೇ. ಆದ್ರೆ ಹೆಂಡ್ತಿ ಮೇಲೆ ಹಾಕ್ತಾನೆ ಅಂತ ಅಂದ್ಕೊಳ್ತಾರೆ. ಒಮ್ಮೆ ಸುಳ್ಳ ಅನ್ನಿಸ್ಕೊಂಡದ್ದು ಸಾಕು."

"ಮತ್ತೆ ಎಂತ ಬರೆಯುದು?"

"ಕುಡಿದು ಕೆಲ್ಸಕ್ಕೆ ಹೋಗಿದ್ದೆ ಅಂತ ಬರಿ. ನನ್ನ ತಪ್ಪು ಅಂತ ಬರಿ."

"ನಾನು ಬರೆಯುದಿಲ್ಲ."

"ಬರಿ ಮಾರಾಯ್ತಿ," ಎಂದರು, ದಣಿದವರ ಹಾಗೆ. "ನಂಗೆ ಬಸ್ಸು ಬೇಕು."

ಬರೆದೆ. ಇಂಗ್ಲಿಷಿನಲ್ಲಿ ಒಂದೂವರೆ ಗೆರೆಯಾಯಿತು. ಅವರು ಕೆಳಗೆ ಸಹಿ ಹಾಕಿ, ತಾವೇ ಹೋಗಿ ಅಂಚೆ ಡಬ್ಬಿಗೆ ಹಾಕಿ ಬಂದರು. ಹತ್ತು ದಿನದಲ್ಲಿ ಉತ್ತರ ಬಂತು. ಅರ್ಜಿಗೆ ವಂದನೆಗಳು, ಈ ಸಲ ಸಾಧ್ಯವಿಲ್ಲ. ಇವರು ಅದನ್ನು ನಿಂತೇ ಓದಿ, ಮಡಚಿ, ಜೇಬಿನಲ್ಲಿಟ್ಟುಕೊಂಡು, ಮಧ್ಯಾಹ್ನದ ಪಾಳಿಗೆ ಗೋದಾಮಿಗೆ ಹೊರಟರು.